ಈ ಮಳೆಗಾಲ ಖರ್ಚು ಇಳಿಸುವವರು ಯಾರೆಲ್ಲ ಉಂಟು? ನನ್ನ ಲೆಕ್ಕ ಇಲ್ಲಿ ಇಡುತ್ತಿದ್ದೇನೆ

ಸುರತ್ಕಲ್ ಸೊಸೆ · ಜೂನ್ 3

ಎಲ್ಲರಿಗೂ ನಮಸ್ಕಾರ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ಸೀದಾ ಹೇಳುತ್ತೇನೆ. ನಮ್ಮ ಯಜಮಾನರು ಮಾರ್ಚಿನಲ್ಲಿ ಗಲ್ಫಿನಿಂದ ಬಂದರು. ರಜೆಯಲ್ಲಿ ಅಲ್ಲ, ಪೂರ್ತಿ ಬಿಟ್ಟು ಬಂದದ್ದು. ಈಗ ಬೈಕಂಪಾಡಿಯಲ್ಲಿ ಒಂದು ಕಡೆ ಕೆಲಸ, ಕೈಗೆ 32,000. ಮನೆಯಲ್ಲಿ ನಾವಿಬ್ಬರು, ಅತ್ತೆ, ಇಬ್ಬರು ಮಕ್ಕಳು. ಮನೆ ಬಾಡಿಗೆಯದು.

ಮೊನ್ನೆ ಭಾನುವಾರ ಜೋರು ಮಳೆ, ಕರೆಂಟ್ ಇಲ್ಲ, ಮಾಡಲು ಬೇರೆ ಕೆಲಸವೂ ಇಲ್ಲ ಅಂತ ಮೇ ತಿಂಗಳ ಖರ್ಚು ಬರೆದು ಕೂಡಿಸಿದೆ. 41,300 ಬಂತು. ತಪ್ಪಾಗಿರಬೇಕು ಅಂತ ಇನ್ನೊಮ್ಮೆ ಕೂಡಿಸಿದೆ. ಅಷ್ಟೇ ಬಂತು. ಮೇಲಿನ ಒಂಬತ್ತು ಸಾವಿರ ಎಲ್ಲಿಂದ ಬಂತು ಅಂತ ಕೇಳಬೇಡಿ. ಕ್ರೆಡಿಟ್ ಕಾರ್ಡ್. ಅದರಲ್ಲಿ ಹಳೆಯದು ಹೊಸದು ಸೇರಿ 38,000 ಬಾಕಿ ಉಂಟು.

ತಮಾಷೆ ಏನೆಂದರೆ ಊರಿನವರ ಬಾಯಲ್ಲಿ ನಾವು ಇನ್ನೂ ‘ಗಲ್ಫಿನವರು’. ಮೇ ಒಂದೇ ತಿಂಗಳಲ್ಲಿ ಎರಡು ಮದುವೆ, ಒಂದು ಮೆಹೆಂದಿ, ಒಂದು ಮನೆ ಒಕ್ಕಲು. ಕವರಿಗೆ ಕಡಿಮೆ ಹಾಕಿದರೆ ಅತ್ತೆಗೆ ತಲೆ ಎತ್ತಲು ಆಗುವುದಿಲ್ಲವಂತೆ. ಕೊನೆಯ ಮೆಹೆಂದಿಯಿಂದ ಬಂದ ಮೇಲೆ ಎರಡು ದಿನ ನಾನು ಮತ್ತು ಇವರು ಮಾತಾಡಲಿಲ್ಲ.

ಕೇಳುವುದು ಇಷ್ಟೇ. ಯಾರಾದರೂ ಜೊತೆಗೆ ಸೇರುತ್ತೀರಾ? ತಿಂಗಳಿಗೊಮ್ಮೆ ಲೆಕ್ಕ ಇಲ್ಲಿ ಹೇಳುವುದು, ಬೈಯುವುದಿದ್ದರೆ ಬೈಯುವುದು. ಒಬ್ಬಳೇ ಮಾಡಿದರೆ ಹತ್ತನೇ ತಾರೀಖಿಗೆ ಬಿಟ್ಟುಬಿಡುತ್ತೇನೆ. ನನ್ನನ್ನು ನನಗೆ ಗೊತ್ತುಂಟು.

ಲೆಕ್ಕದ ಮೇಷ್ಟ್ರು · ಜೂನ್ 3

ಮೊದಲು 41,300 ಎಲ್ಲೆಲ್ಲಿ ಹೋಯಿತು ಅಂತ ಹೇಳಿ. ಅಂದಾಜು ಬೇಡ. ಕರೆಂಟ್ ಬಿಲ್ಲು ನೋಡಿ ಯೂನಿಟ್ ಎಷ್ಟು ಅಂತಲೂ ಬರೆಯಿರಿ.

ಮಣಿಪಾಲ ರೂಮ್‌ಮೇಟ್ · ಜೂನ್ 3

ನಾನು ಸೇರಿದೆ. ಸಂಬಳ ಬಂದ ಹದಿನೆಂಟನೇ ದಿನಕ್ಕೆ ಅಪ್ಪನಿಗೆ ಫೋನ್ ಮಾಡುವ ಗಿರಾಕಿ ನಾನು.

ಸುರತ್ಕಲ್ ಸೊಸೆ · ಜೂನ್ 4

ಮೇಷ್ಟ್ರೇ, ತಗೊಳ್ಳಿ. ಬಾಡಿಗೆ 9,500. ದಿನಸಿ ತರಕಾರಿ 7,200. ಮೀನು ಕೋಳಿ 3,800. ಹಾಲು 1,500. ಗ್ಯಾಸ್ 900. ಕರೆಂಟ್ 1,800. ಫೋನು ವೈಫೈ 1,400. ಪೆಟ್ರೋಲ್ 2,300. ಅತ್ತೆಯ ಬಿಪಿ, ಶುಗರ್ ಮಾತ್ರೆ 2,200. ಮಕ್ಕಳ ಪುಸ್ತಕ, ಯೂನಿಫಾರ್ಮ್ 2,400. ಹತ್ತು ನಿಮಿಷದಲ್ಲಿ ತಂದು ಕೊಡುವ ಆಪ್ 3,100. ಉಳಿದ 5,200 ಕವರಿನಲ್ಲಿ ಹೋದದ್ದು.

ಕರೆಂಟ್ 212 ಯೂನಿಟ್. ನಮ್ಮ ಗೃಹಜ್ಯೋತಿ ಮಿತಿ 148 ಅಂತ ಬಿಲ್ಲಿನಲ್ಲಿ ಉಂಟು.

ಲೆಕ್ಕದ ಮೇಷ್ಟ್ರು · ಜೂನ್ 4

ಅಲ್ಲಿ ನೋಡಿ, 212! 200ರ ಮೇಲೆ ಹನ್ನೆರಡು ಯೂನಿಟ್ ದಾಟಿದ್ದಕ್ಕೆ ನೀವು ಪೂರ್ತಿ 1,800 ಕಟ್ಟಿದ್ದೀರಿ ಮಾರಾಯ್ರೆ.

ತುಂಬ ಜನರಿಗೆ ಇದು ಸರಿಯಾಗಿ ಗೊತ್ತಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. 200 ಯೂನಿಟ್ ಎಲ್ಲರಿಗೂ ಬಿಟ್ಟಿ ಅಂತ ಅಲ್ಲ. 2022-23ರಲ್ಲಿ ನಿಮ್ಮ ಮೀಟರಿನ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡ ಹತ್ತು ಸೇರಿಸಿ ಮಿತಿ ಹಾಕಿದ್ದಾರೆ. ನಿಮ್ಮದು 148. ಅದರೊಳಗೆ ಇದ್ದರೆ ಸೊನ್ನೆ ಬಿಲ್ಲು. 148 ದಾಟಿ 200ರ ಒಳಗೆ ಇದ್ದರೆ ಜಾಸ್ತಿ ಸುಟ್ಟ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದಿರೋ, ಒಂದನೇ ಯೂನಿಟ್ಟಿನಿಂದ ಪೂರ್ತಿ ಕಟ್ಟಬೇಕು. ಹಾಗಾಗಿ ತಿಂಗಳ ಇಪ್ಪತ್ತನೇ ತಾರೀಖಿಗೆ ಒಮ್ಮೆ ಮೀಟರ್ ನೋಡುವ ಅಭ್ಯಾಸ ಮಾಡಿ. ನೋಡಲು ಖರ್ಚಿಲ್ಲ.

ಹಳೆ ಫ್ಯಾನು 75 ವ್ಯಾಟ್ ತಿನ್ನುತ್ತದೆ. ಮೂರು ಫ್ಯಾನು ದಿನಕ್ಕೆ ಹದಿನಾಲ್ಕು ಗಂಟೆ ತಿರುಗಿದರೆ ತಿಂಗಳಿಗೆ ಹತ್ತಿರ ಹತ್ತಿರ 95 ಯೂನಿಟ್. ಕರೆಂಟ್ ಉಳಿಸುವ ಹೊಸ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನಲ್ಲಿ ತಿರುಗುತ್ತದೆ, ಅದೇ ಕೆಲಸಕ್ಕೆ 38 ಯೂನಿಟ್ ಸಾಕು. ಆದರೆ ಈಗಲೇ ಓಡಿಹೋಗಿ ಮೂರು ಫ್ಯಾನು ತರಬೇಡಿ! ಮಳೆ ಬಂತಲ್ಲ, ಫ್ಯಾನು ತಾನಾಗಿ ನಿಲ್ಲುತ್ತದೆ. ಗೀಸರ್ ಕತೆ ಹೇಳಿ.

ಸುರತ್ಕಲ್ ಸೊಸೆ · ಜೂನ್ 4

ಗೀಸರ್ ಅತ್ತೆಗೆ. ಮೇ ತಿಂಗಳ ಸೆಕೆಯಲ್ಲೂ ಬಿಸಿನೀರು ಬೇಕು. ಹಳ್ಳಿಮನೆಯಲ್ಲಿ ಬಚ್ಚಲ ಹಂಡೆಗೆ ತೆಂಗಿನ ಮಡಲು, ಕೊತ್ತಳಿಗೆ ತುರುಕಿ ಬೆಂಕಿ ಹಾಕಿ ಅಭ್ಯಾಸ ಆದವರು. ಇಲ್ಲಿ ಎರಡನೇ ಮಹಡಿಯಲ್ಲಿ ನಾನು ಮಡಲು ಎಲ್ಲಿಂದ ತರಲಿ. ಅವರು ಸ್ವಿಚ್ ಹಾಕಿ ಬಂದು ಟಿವಿ ಎದುರು ಕೂತರೆ ಧಾರಾವಾಹಿ ಮುಗಿದ ಮೇಲೆಯೇ ಸ್ನಾನ.

ಲೆಕ್ಕದ ಮೇಷ್ಟ್ರು · ಜೂನ್ 4

2,000 ವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಹೋಯಿತು. ಸ್ವಿಚ್ ನೀವೇ ಹಾಕಿ, ನೀವೇ ತೆಗೆಯಿರಿ.

ಕಾರ್ಡಿನ ವಿಷಯ ಇದಕ್ಕಿಂತ ದೊಡ್ಡದು. ಬಾಕಿ ಉಳಿಸಿದರೆ ತಿಂಗಳಿಗೆ ಮೂರು, ಮೂರೂವರೆ ಶೇಕಡ ಬಡ್ಡಿ ಬೀಳುತ್ತದೆ. ವರ್ಷಕ್ಕೆ ನಲವತ್ತರ ಹತ್ತಿರ ಆಯಿತು. ‘ಮಿನಿಮಮ್ ಕಟ್ಟಿದರೆ ಸಾಕು’ ಅಂತ ಬರುವ ಮೆಸೇಜು ನಿಮ್ಮ ಒಳ್ಳೆಯದಕ್ಕೆ ಬರುವುದಲ್ಲ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅಡವಿಟ್ಟು ಕಾರ್ಡ್ ಒಮ್ಮೆಲೇ ಮುಗಿಸಿ. ಬಡ್ಡಿ ಎಷ್ಟೋ ಕಡಿಮೆ. ತಿಂಗಳ ಮನೆಖರ್ಚಿನಲ್ಲಿ ಹಾಲು ಉಳಿಸುವುದು ಸಕ್ಕರೆ ಉಳಿಸುವುದೆಲ್ಲ ಆಮೇಲೆ.

ಬೊಂದೆಲ್‌ನವಳು · ಜೂನ್ 5

ಅಡವು ಅಂದ ಕೂಡಲೇ ಅತ್ತೆಯಂದಿರಿಗೆ ಎದೆ ಹಿಡಿದುಕೊಳ್ಳುತ್ತದೆ. ಆದರೆ ಮೇಷ್ಟ್ರು ಹೇಳಿದ್ದು ಸರಿ. ನಾನು ಮಾಡಿದ್ದೇನೆ.

ಮದುವೆಯ ಮುಂಚೆ ನಿಮ್ಮಲ್ಲಿ ಮೆಹೆಂದಿ, ನಮ್ಮ ಕ್ರಿಶ್ಚಿಯನ್ನರಲ್ಲಿ ರೋಸ್. ಹೆಸರು ಬೇರೆ, ಸಭಾಭವನದ ಬಾಡಿಗೆ ಅದೇ. ಮೊದಲೆಲ್ಲ ಮನೆಯಂಗಳದಲ್ಲಿ ತೆಂಗಿನ ಹಾಲು ಹಚ್ಚಿ ನಾಲ್ಕು ಹಾಡು ಹೇಳಿ ಮುಗಿಯುತ್ತಿತ್ತು. ಈಗ ರೋಸಿಗೂ ಡಿಜೆ.

ಅತ್ತೆಯ ಮಾತ್ರೆ 2,200 ಅಂದಿರಲ್ಲ. ಡಾಕ್ಟರ ಹತ್ತಿರ ಔಷಧಿಯ ಒಳಹೆಸರು (ಜೆನೆರಿಕ್ ಹೆಸರು) ಬರೆದುಕೊಡಲು ಹೇಳಿ, ಜನೌಷಧಿ ಅಂಗಡಿಯಲ್ಲಿ ಕೇಳಿ. ನಮ್ಮ ಅಮ್ಮನದು ಮೂರನೇ ಒಂದು ಪಾಲಿಗೆ ಇಳಿಯಿತು. ತಂದದ್ದನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ದುಡ್ಡು ಉಳಿಸಲು ಮಾತ್ರೆ ಅರ್ಧ ಮಾಡುವವರೂ ಇದ್ದಾರೆ, ಅದು ಮಾತ್ರ ಬೇಡ.

ಕಂಕನಾಡಿ ಕಡೆಯವಳು · ಜೂನ್ 5

ಪೆಟ್ರೋಲ್ ಬಿಟ್ಟು ಬಸ್ಸು ಹಿಡಿಯಿರಿ ಅಂತ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಬೆಂಗಳೂರಿನ ನನ್ನ ನಾದಿನಿ ಆಧಾರ್ ತೋರಿಸಿ ಊರೆಲ್ಲ ಬಿಟ್ಟಿ ಸುತ್ತುತ್ತಾಳೆ. ನಾನು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಬರುವುದೆಲ್ಲ ಖಾಸಗಿ ಬಸ್ಸು. ಸಿಟಿಯಲ್ಲಿ ಸರ್ಕಾರಿ ಬಸ್ಸು ಹುಡುಕುವುದು ಆಷಾಢದಲ್ಲಿ ಬಿಸಿಲು ಹುಡುಕಿದ ಹಾಗೆ. ರಾಜ್ಯದ ಎಲ್ಲ ಹೆಂಗಸರಿಗೂ ಬಿಟ್ಟಿ, ನಮಗೆ ಟಿಕೆಟ್. ಉಡುಪಿ, ಧರ್ಮಸ್ಥಳ ಕಡೆ ದೂರ ಹೋಗುವಾಗ ಮಾತ್ರ ಅರ್ಧ ಗಂಟೆ ಕಾದು ಕೆಎಸ್ಆರ್‌ಟಿಸಿ ಹಿಡಿಯುತ್ತೇನೆ. ಕಾದದ್ದಕ್ಕೆ ಲಾಭ ಉಂಟು.

ಮಲ್ಪೆ ಗಾಳಿ · ಜೂನ್ 6

ಮೀನಿಗೆ 3,800! ಯಾವ ಮೀನು ತಿನ್ನುತ್ತೀರಿ? ದಿನಾ ಅಂಜಲಾ?

ಈಗ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟು ಇಲ್ಲ, 61 ದಿನ ನಿಷೇಧ. ಈ ಎರಡು ತಿಂಗಳು ಮಾರ್ಕೆಟಿನಲ್ಲಿ ಕಾಣುವುದರಲ್ಲಿ ಜಾಸ್ತಿ ಹೊರಗಿನಿಂದ ಐಸ್ ಹಾಕಿ ಬಂದದ್ದು, ಇಲ್ಲವೇ ನಾಡದೋಣಿಯವರು ತಂದ ನಾಲ್ಕು ಬುಟ್ಟಿ. ರೇಟು ಕೇಳಿದರೆ ಹಸಿವೇ ಹೋಗುತ್ತದೆ. ಈಗ ತಿನ್ನಬೇಕಾದದ್ದು ಒಣಮೀನು. ನಮ್ಮ ಅಜ್ಜಿ ಮೇಯಲ್ಲೇ ಡಬ್ಬ ತುಂಬಿಸಿ ಬಾಯಿ ಕಟ್ಟಿ ಇಡುತ್ತಿದ್ದರು.

ಎಟ್ಟಿ (ಸಿಗಡಿ) ಚಟ್ನಿ ಮಾಡಿ. ಒಣ ಎಟ್ಟಿಯನ್ನು ಬಾಣಲೆಗೆ ಹಾಕಿ ಸಣ್ಣ ಬೆಂಕಿಯಲ್ಲಿ ಹುರಿಯಿರಿ. ಉಗುರಲ್ಲಿ ಮುಟ್ಟಿದರೆ ತಲೆ ಚಟಕ್ ಅಂತ ಮುರಿಯಬೇಕು, ಅಷ್ಟು. ತಲೆ ಬಾಲ ತೆಗೆದು ಗೆರಸೆಯಲ್ಲಿ ಒಮ್ಮೆ ಕೇರಿ, ಇಲ್ಲದಿದ್ದರೆ ಹೊಯಿಗೆ (ಮರಳು) ಬಾಯಿಗೆ ಸಿಗುತ್ತದೆ. ಮೆಣಸು, ಹುಳಿ, ಒಂದು ಹಿಡಿ ಕಾಯಿತುರಿ ತರಿತರಿ ಅರೆದು, ನೀರುಳ್ಳಿ ಕೊಚ್ಚಿ ಹಾಕಿ, ಎಟ್ಟಿ ಕೊನೆಗೆ ಸೇರಿಸಿ ಕೈಯಲ್ಲೇ ಹಿಸುಕಿ. ಐದು ಜನರ ಗಂಜಿಗೆ ಒಂದು ಮುಷ್ಟಿ ಎಟ್ಟಿ ಸಾಕು. ಆಗಸ್ಟಿನ ನಂತರ ಬೂತಾಯಿ, ಬಂಗುಡೆ ಬರಲಿ, ಆಗ ನೋಡುವ.

ಹಿತ್ತಿಲ ಕಡೆ · ಜೂನ್ 6

ನಾವು ಸಸ್ಯಾಹಾರಿಗಳು, ಬ್ರಹ್ಮಾವರದ ಹತ್ತಿರ. ಮಳೆಗಾಲದಲ್ಲಿ ನಮ್ಮ ತರಕಾರಿ ಖರ್ಚು ಕೇಳಿದರೆ ನಗುತ್ತೀರಿ. ಒಂದೆಲಗ ಹಿತ್ತಿಲಲ್ಲಿ ಉಂಟು, ಚಕ್ರಮುನಿ ಬೇಲಿಯಲ್ಲಿ ಉಂಟು, ದಿನಕ್ಕೊಂದು ತಂಬುಳಿ. ಕೆಸುವಿನ ಎಲೆ ಬಂದರೆ ಪತ್ರೊಡೆ, ಆದರೆ ಹುಳಿ ಸರಿಯಾಗಿ ಹಾಕಿ, ಇಲ್ಲದಿದ್ದರೆ ಗಂಟಲು ತುರಿಸಿ ಡಾಕ್ಟರ ಖರ್ಚು. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಬಾಳೆಕಾಯಿ ಸಿಪ್ಪೆ ಪಲ್ಯಕ್ಕೆ. ಸೌತೆಕಾಯಿ ಬೇಸಗೆಯಲ್ಲಿ ಬೆಳೆದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ನೇತುಹಾಕಿದ್ದೇವೆ, ಚೌತಿವರೆಗೆ ಕೊಳೆಯುವುದಿಲ್ಲ. ಒಂದಕ್ಕೊಂದು ತಾಗಬಾರದು ಅಷ್ಟೇ. ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿಟ್ಟದ್ದು ಭರಣಿ ತುಂಬ ಉಂಟು.

ತೆಂಗಿನಕಾಯಿ ರೇಟು ಮಾತ್ರ ನಮ್ಮ ಕೈಯಲ್ಲಿ ಇಲ್ಲ. 2025ರಲ್ಲಿ ಎಣ್ಣೆ ಲೀಟರಿಗೆ 400 ದಾಟಿದಾಗ ನಮ್ಮವರು ತಲೆಗೆ ಎಣ್ಣೆ ಹಚ್ಚುವುದನ್ನೇ ವಾರಕ್ಕೊಮ್ಮೆ ಮಾಡಿದರು. ಸಾಂಬಾರಿಗೆ ಅರ್ಧ ಕಾಯಿ ಹಾಕುವಲ್ಲಿ ಕಾಲು ಹಾಕಿ, ಒಂದು ಚಮಚ ನೆನೆಸಿದ ಅಕ್ಕಿ ಸೇರಿಸಿ ಅರೆದರೆ ದಪ್ಪ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ನನ್ನ ಮಾವನಿಗೆ ಬಿಟ್ಟು.

ಬೀಡಿ ಎಲೆ · ಜೂನ್ 7

ಮೇಲಿನದ್ದು ಓದಿ ಸುಮ್ನೆ ಇರಲು ಆಗಲಿಲ್ಲ. ಹಿತ್ತಿಲು ಇದ್ದವರಿಗೆ ತಂಬುಳಿ ಬಿಟ್ಟಿ. ಸುರತ್ಕಲ್‌ನ ಎರಡನೇ ಮಹಡಿಯಲ್ಲಿ ಒಂದೆಲಗ ಎಲ್ಲಿ ಬೆಳೆಯುತ್ತದೆ? ಅಟ್ಟ ಎಲ್ಲಿ ಉಂಟು?

ಇನ್ನೊಂದು. ಈಗ ತುಳುವಿನ ಆಟಿ ತಿಂಗಳು ಬಂದರೆ ಎಲ್ಲ ಸಂಘದವರೂ ‘ಆಟಿಡೊಂಜಿ ದಿನ’ ಅಂತ ಸಭಾಭವನದಲ್ಲಿ ತಜಂಕ್ ಸೊಪ್ಪಿನ ಪಲ್ಯ, ಪತ್ರೊಡೆ ಬಡಿಸಿ ಫೋಟೊ ಹಾಕುತ್ತಾರೆ. ನನ್ನ ಅಮ್ಮನಿಗೆ ಆಟಿ ಹಬ್ಬ ಆಗಿರಲಿಲ್ಲ. ಗದ್ದೆ ಕೆಲಸ ಮುಗಿದಿರುತ್ತಿತ್ತು, ಮಳೆಗೆ ಎಲೆ ಒದ್ದೆಯಾಗಿ ಬೀಡಿ ಕೆಲಸವೂ ಕಡಿಮೆ. ಬೇರೆ ಏನೂ ಇಲ್ಲದ್ದಕ್ಕೆ ತಜಂಕ್ ಕೊಯ್ದು ತರುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಓಡಾಡಲು ಶುರುವಾದ ಮೇಲೆ ಅಮ್ಮ ಒಮ್ಮೆಯೂ ಅದನ್ನು ಮನೆಗೆ ತರಲಿಲ್ಲ. ಕೇಳಿದರೆ ‘ಸಾಕಾಗಿದೆ’ ಅಂತ ಒಂದೇ ಮಾತು.

ಉಳಿಸುವುದು ಬೇರೆ, ಇಲ್ಲದಿರುವುದು ಬೇರೆ. ಎರಡನ್ನೂ ಒಂದೇ ಭರಣಿಗೆ ಹಾಕಬೇಡಿ ಅಂತ ಹೇಳಿದೆ ಅಷ್ಟೇ. ಜಗಳಕ್ಕೆ ಅಲ್ಲ.

ಹಿತ್ತಿಲ ಕಡೆ · ಜೂನ್ 7

ಜಗಳ ಅಂತ ತಿಳಿಯಲಿಲ್ಲ. ನೀವು ಹೇಳಿದ ಮೇಲೆ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವರು ನೆನಪಾದರು. ನಾವು ರುಚಿಗೆ ತಿಂದದ್ದನ್ನು ಅವರು ಹಸಿವಿಗೆ ತಿಂದರು, ಒಂದೇ ಹಿತ್ತಿಲಿಂದ. ಸುರತ್ಕಲ್ ಸೊಸೆಗೆ: ಶನಿವಾರ ನಾನು ಸುರತ್ಕಲ್ ಕಡೆ ಬರುವುದುಂಟು. ಒಂದೆಲಗದ ಬಳ್ಳಿ ಎರಡು ತರುತ್ತೇನೆ. ಅಡ್ಡ ಅಗಲದ ಹಳೆ ಬಾಲ್ದಿಯಲ್ಲಿ ಆಗುತ್ತದೆ, ನೆರಳು ಮತ್ತು ನೀರು ಇದ್ದರೆ ಸಾಕು. ಎರಡು ಸೌತೆಯೂ ತರುತ್ತೇನೆ. ಅಟ್ಟ ಇಲ್ಲದಿದ್ದರೆ ಕಿಟಕಿ ಸರಳಿಗೆ ಕಟ್ಟಿ.

ಪಿಗ್ಮಿ ಅಜ್ಜ · ಜೂನ್ 8

ನಾನು ಮೂವತ್ತೊಂದು ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವನು. ಈಗ ಮೊಣಕಾಲು ನೋವು, ಮನೆಯಲ್ಲೇ. ಮೊಮ್ಮಗಳು ಟೈಪ್ ಮಾಡಿ ಕೊಡುತ್ತಿದ್ದಾಳೆ.

ಪಿಗ್ಮಿ ಶುರುವಾದದ್ದು ನಮ್ಮ ಉಡುಪಿಯಲ್ಲೇ, 1928ರಲ್ಲಿ. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆಯಿತಲ್ಲ, ಅದರವರು. ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೆ ಬಂದು ತಗೊಳ್ಳುತ್ತಿದ್ದರು. ಈಗ ಆ ಬ್ಯಾಂಕಿನ ಹೆಸರೇ ಇಲ್ಲ, 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿತು. ಎರಡಾಣೆಯಿಂದ ಯಾರು ಶ್ರೀಮಂತರಾಗುತ್ತಾರೆ ಅಂತ ಕೇಳುವವರು ಆಗಲೂ ಇದ್ದರು. ಅದರ ಗುಟ್ಟು ದುಡ್ಡಿನಲ್ಲಿ ಇರಲಿಲ್ಲ, ಹೊತ್ತಿನಲ್ಲಿ ಇತ್ತು. ಮೀನಿನ ಬುಟ್ಟಿ ಖಾಲಿ ಮಾಡಿ ಬಂದ ಹೆಂಗಸಿನ ಹತ್ತಿರ ಸಂಜೆ ಆರಕ್ಕೆ ದುಡ್ಡು ಇರುತ್ತದೆ, ಎಂಟಕ್ಕೆ ಇರುವುದಿಲ್ಲ. ನಾನು ಆರಕ್ಕೇ ಹೋಗುತ್ತಿದ್ದೆ.

ಒಂದು ಮನೆಯಲ್ಲಿ ತಾಯಿ ಮಗಳು ಇಬ್ಬರೂ ಬೀಡಿ ಕಟ್ಟುತ್ತಿದ್ದರು. ನನ್ನ ಸೈಕಲ್ ಬೆಲ್ ಕೇಳಿದ ಕೂಡಲೇ ತಾಯಿ ಮಡಿಲ ತಡಪೆ (ಮೊರ) ಪಕ್ಕಕ್ಕೆ ಸರಿಸಿ, ಕತ್ತರಿ ಅದರ ಮೇಲೆ ಇಟ್ಟು, ಸೆರಗಿನ ಗಂಟು ಹಲ್ಲಿನಲ್ಲಿ ಬಿಚ್ಚುತ್ತಿದ್ದರು. ಕೈ ತುಂಬ ತಂಬಾಕಿನ ಹುಡಿ, ಅದಕ್ಕೆ ಹಲ್ಲು. ಐದು ರೂಪಾಯಿ ನೋಟು ಯಾವಾಗಲೂ ಒದ್ದೆ. ಆ ಮಗಳ ಮದುವೆಯ ಬಳೆ ಆ ಒದ್ದೆ ನೋಟಿನದು.

ನೀವೂ ಹಾಗೆ ಮಾಡಿ. ತಿಂಗಳ ಕೊನೆಗೆ ಉಳಿದದ್ದು ಇಡುತ್ತೇನೆ ಅಂದರೆ ಉಳಿಯುವುದಿಲ್ಲ. ದಿನಾ ಸಂಜೆ ಒಂದು ಡಬ್ಬಕ್ಕೆ ಐವತ್ತು ಹಾಕಿ. ಫೋನಿನಲ್ಲಿ ಅಲ್ಲ, ನೋಟು.

ಮಣಿಪಾಲ ರೂಮ್‌ಮೇಟ್ · ಜೂನ್ 8

ಅಜ್ಜ, ನನ್ನ ಹತ್ತಿರ ನೋಟೇ ಇರುವುದಿಲ್ಲ. ಟೀ ಕುಡಿದರೂ ಸ್ಕ್ಯಾನ್. ಅದೇ ತೊಂದರೆ ಅಂತ ಈಗ ಅನಿಸುತ್ತಿದೆ. ಹತ್ತು, ಇಪ್ಪತ್ತು ಹೋದದ್ದು ಗೊತ್ತೇ ಆಗುವುದಿಲ್ಲ.

ಪಿಗ್ಮಿ ಅಜ್ಜ · ಜೂನ್ 8

ಸೋಮವಾರ ಬೆಳಿಗ್ಗೆ ವಾರದ ದುಡ್ಡು ಎಟಿಎಂನಿಂದ ತೆಗೆ. ಖಾಲಿ ಆದ ಮೇಲೆ ಟೀ ಇಲ್ಲ. ನಿನ್ನ ವಯಸ್ಸಿಗೆ ನೀರು ಸಾಕು.

ಹ್ವಾಯ್ ಕುಂದಾಪ್ರ · ಜೂನ್ 9

ಮಕ್ಕಳನ್ನು ಮಾಲಿಗೆ ಕರೆದುಕೊಂಡು ಹೋಗುವ ಬದಲು ಯಕ್ಷಗಾನ ಆಟಕ್ಕೆ ಕರೆದುಕೊಂಡು ಹೋಗಿ. ಹರಕೆ ಬಯಲಾಟ ಬಿಟ್ಟಿ, ರಾತ್ರಿ ಇಡೀ.

ಕಂಕನಾಡಿ ಕಡೆಯವಳು · ಜೂನ್ 9

ಹ್ವಾಯ್, ಪತ್ತನಾಜೆಗೆ ಆಟದ ಸೀಸನ್ ಮುಗಿಸಿ ಮೇಳದವರು ಗೆಜ್ಜೆ ಬಿಚ್ಚಿ ಎರಡು ವಾರ ಆಯಿತು. ಈಗ ಎಲ್ಲಿ ಆಟ?

ಹ್ವಾಯ್ ಕುಂದಾಪ್ರ · ಜೂನ್ 9

ಹೌದಲ್ಲ! ಹಾಗಾದರೆ ನವೆಂಬರ್ ತನಕ ಲೈಬ್ರರಿ. ಕಡಲ ಬದಿಗಂತೂ ಈಗ ಬೇಡ.

ಸುರತ್ಕಲ್ ಸೊಸೆ · ಜುಲೈ 2

ಜೂನ್ ಲೆಕ್ಕ. 33,700. ಇನ್ನೂ ಸಂಬಳಕ್ಕಿಂತ 1,700 ಜಾಸ್ತಿ. ಶಾಲೆ ಶುರುವಾಗಿ ವ್ಯಾನಿನ 2,400 ಹೊಸದಾಗಿ ಸೇರಿತು, ಇಲ್ಲದಿದ್ದರೆ ಸರಿಯಾಗುತ್ತಿತ್ತು ಅಂತ ನನ್ನ ಸಮಾಧಾನ.

ಕರೆಂಟ್ 168. ಮಿತಿಯ ಮೇಲಿನ ಇಪ್ಪತ್ತು ಯೂನಿಟ್ಟಿಗೆ ಮಾತ್ರ ಕಟ್ಟಿದೆ. ಬಿಲ್ಲು ಕೈಯಲ್ಲಿ ಹಿಡಿದು ಇವರಿಗೆ ಮೂರು ಸಲ ತೋರಿಸಿದೆ. ಮಾತ್ರೆ 800ಕ್ಕೆ ಇಳಿಯಿತು, ಬೊಂದೆಲ್ ಅಕ್ಕಾ ನಿಮಗೆ ಪುಣ್ಯ ಬರಲಿ.

ಎರಡು ಬಳೆ ಸೊಸೈಟಿಯಲ್ಲಿ ಇಟ್ಟೆವು. ಅತ್ತೆಗೆ ಹೇಳದೆ. ಕಾರ್ಡಿನ ಬಾಕಿ ಪೂರ್ತಿ ಕಟ್ಟಿ, ಕಾರ್ಡನ್ನು ನಾಲ್ಕು ತುಂಡು ಮಾಡಿದೆ. ಮೀನು ಕತ್ತರಿಸುವ ಕತ್ತರಿಯಲ್ಲಿ. ಎಷ್ಟು ಗಟ್ಟಿ ಇರುತ್ತದೆ ಅದು!

ಇನ್ನು ಕೊಡೆ. ಮಗಳ ಕೊಡೆಯ ಎರಡು ಕಡ್ಡಿ ಮುರಿದಿತ್ತು. ಹೊಸದು ತರೋಣ ಅಂತ ಹೊರಟವಳು ಮಾರ್ಕೆಟಿನ ಜಗಲಿಯಲ್ಲಿ ಕೂತ ಕೊಡೆ ರಿಪೇರಿಯವರನ್ನು ನೋಡಿದೆ. ಅವರ ಸುತ್ತ ಕೊಡೆಯ ಅಸ್ಥಿಪಂಜರಗಳು. ಹಳೆ ಕೊಡೆಯ ಕಡ್ಡಿಯೊಂದನ್ನು ಕಿತ್ತು, ಅಳತೆ ನೋಡಿ ಇಕ್ಕಳದಲ್ಲಿ ಕಚ್ಚಿ ತುಂಡು ಮಾಡಿ, ಸಣ್ಣ ತಂತಿ ಸುತ್ತಿ, ಬಟ್ಟೆಯ ಮೂಲೆಗೆ ಸೂಜಿ ಹಾಕಿ ಎರಡು ಗಂಟು. ಎಲ್ಲ ಐದು ನಿಮಿಷ. ಒಮ್ಮೆ ಬಿಚ್ಚಿ ಮಳೆಗೆ ಹಿಡಿದು ತೋರಿಸಿದರು. 60 ರೂಪಾಯಿ. ನಾನು ಚೌಕಾಸಿ ಮಾಡಲಿಲ್ಲ. ಅವರ ಹತ್ತಿರ ಚೌಕಾಸಿ ಮಾಡಿ ಉಳಿಸುವುದು ಬೇಡ ಅನಿಸಿತು.

ಸೋತದ್ದೂ ಹೇಳಬೇಕಲ್ಲ. ಆಪ್ ಡಿಲೀಟ್ ಮಾಡಿದ್ದೆ. ಮಗನಿಗೆ ಜ್ವರ ಬಂದ ರಾತ್ರಿ ಬ್ರೆಡ್ಡಿಗೆ ಅಂತ ಪುನಃ ಹಾಕಿದೆ. ಬ್ರೆಡ್ಡಿನ ಜೊತೆ ಐಸ್‌ಕ್ರೀಮು, ಚಿಪ್ಸು, ಒಂದು ಲಿಪ್‌ಸ್ಟಿಕ್ಕು ಬಂತು. ಜ್ವರ ಬಂದದ್ದು ಮಗನಿಗೆ.

ಮಲ್ಪೆ ಗಾಳಿ · ಜುಲೈ 2

ಲಿಪ್‌ಸ್ಟಿಕ್ಕಿಗೆ ನಕ್ಕು ಸಾಕಾಯಿತು. ಎಟ್ಟಿ ಚಟ್ನಿ ಮಾಡಿದಿರಾ?

ಸುರತ್ಕಲ್ ಸೊಸೆ · ಜುಲೈ 2

ಮೂರು ಸಲ. ಮಕ್ಕಳು ಚಿಪ್ಸ್ ಬಿಟ್ಟು ಹುರಿದ ಎಟ್ಟಿ ಕದ್ದು ತಿನ್ನುತ್ತಾರೆ.

ಬೊಂದೆಲ್‌ನವಳು · ಜುಲೈ 3

ಗ್ಯಾಸಿಗೆ ಒಂದು ಉಪಾಯ. ಕುಚ್ಚಲಕ್ಕಿ ಬೇಯಿಸಲು ಒಂದು ಗಂಟೆ ಉರಿಸುತ್ತೀರಲ್ಲ, ಬೇಡ. ರಾತ್ರಿ ನೆನೆಸಿಡಿ. ಬೆಳಿಗ್ಗೆ ಜಾಸ್ತಿ ನೀರು ಇಟ್ಟು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ. ಮುಚ್ಚಳ ಬಿಗಿ ಹಾಕಿ, ಪಾತ್ರೆಯನ್ನು ಹಾಗೆಯೇ ಮೀನಿನ ಥರ್ಮಾಕೋಲ್ ಪೆಟ್ಟಿಯೊಳಗೆ ಇಳಿಸಿ, ಸುತ್ತ ಹಳೆ ಸೀರೆ ತುರುಕಿ ಮುಚ್ಚಿಬಿಡಿ. ಪೆಟ್ಟಿಗೂ ಪಾತ್ರೆಗೂ ನಡುವೆ ಬಟ್ಟೆ ಇರಲೇಬೇಕು. ಒಂದೂವರೆ ಗಂಟೆ ಮುಟ್ಟಬೇಡಿ, ಇಣುಕಿ ನೋಡಿದರೆ ಹಬೆ ಹೋಯಿತು. ಅನ್ನ ಅರಳಿರುತ್ತದೆ. ನಮ್ಮ 14.2 ಕೆಜಿ ಸಿಲಿಂಡರ್ ಈಗ ಹನ್ನೆರಡು ದಿನ ಜಾಸ್ತಿ ಬರುತ್ತದೆ.

ಪೆಟ್ಟಿ ಮೀನಿನವರ ಹತ್ತಿರ ಕೇಳಿದರೆ ಸುಮ್ನೆ ಕೊಡುತ್ತಾರೆ, ಆದರೆ ನಾಲ್ಕು ಸಲ ತೊಳೆಯಿರಿ. ನಾನು ಮೊದಲ ಸಲ ಎರಡು ಸಲ ಮಾತ್ರ ತೊಳೆದಿದ್ದೆ.

ಬೀಡಿ ಎಲೆ · ಜುಲೈ 4

ಬಂಗುಡೆ ಪರಿಮಳದ ಅನ್ನ. ಸಾರೇ ಬೇಡ.

ಲೆಕ್ಕದ ಮೇಷ್ಟ್ರು · ಜುಲೈ 18

ಆಟಿ ಶುರುವಾಯಿತು. ಶುಭಕಾರ್ಯ ಇಲ್ಲ. ಎಲ್ಲರ ಕವರಿನ ಖರ್ಚಿಗೆ ಒಂದು ತಿಂಗಳು ಬೀಗ. ಹಿರಿಯರು ಇದನ್ನು ದುಡ್ಡು ಉಳಿಸಲಿಕ್ಕೇ ಮಾಡಿದ್ದಾರೋ ಅಂತ ನನಗೆ ಸಂಶಯ ಉಂಟು.

ಸುರತ್ಕಲ್ ಸೊಸೆ · ಆಗಸ್ಟ್ 2

ಜುಲೈ: 26,500!! ಕರೆಂಟ್ 139, ಬಿಲ್ಲು ಸೊನ್ನೆ. ಮೀನು ಕೋಳಿ 1,400. ಆಪ್ 240. ಕಾರ್ಯಕ್ರಮ ಸೊನ್ನೆ. ಉಳಿದ 5,500 ಸೀದಾ ಸೊಸೈಟಿಗೆ ಕಟ್ಟಿದೆ. ಅಜ್ಜನ ಡಬ್ಬದಲ್ಲಿ 1,150 ಉಂಟು, ದಿನಾ ಹಾಕಲು ಆಗಲಿಲ್ಲ.

ಆದರೆ ಮೇಷ್ಟ್ರು ಹೇಳಿದ ಹಾಗೆ ಇದು ಆಟಿಯ ಪುಣ್ಯ. ಸೋಣ ತಿಂಗಳು ಬಂದ ಮೇಲೆ ಅಷ್ಟಮಿ, ಚೌತಿ, ಆಮೇಲೆ ಸಾಲು ಸಾಲು ಮದುವೆ. ಇವರ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಆಗಸ್ಟ್ ಕೊನೆಗೆ ಅಂತ ಈಗಲೇ ಫೋನ್ ಬಂದಿದೆ. ಅತ್ತೆ ‘ಐದು ಸಾವಿರಕ್ಕಿಂತ ಕಡಿಮೆ ಆಗಬಾರದು’ ಅಂದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಏನು ಹೇಳಲಿ?

ಕಂಕನಾಡಿ ಕಡೆಯವಳು · ಆಗಸ್ಟ್ 2

ಹೋಗಬೇಡಿ. ಹುಷಾರಿಲ್ಲ ಅಂತ ಹೇಳಿ.

ಬೀಡಿ ಎಲೆ · ಆಗಸ್ಟ್ 2

ಎಷ್ಟು ಸಲ ಹುಷಾರಿಲ್ಲ ಅಂತ ಹೇಳುವುದು? ಬಳೆ ಅಡವಿಟ್ಟದ್ದು ಅತ್ತೆಗೆ ಇನ್ನೂ ಹೇಳಿಲ್ಲ ಅಲ್ವಾ? ಸಂಬಳ ಎಷ್ಟು ಅಂತ ಅವರಿಗೆ ಗೊತ್ತುಂಟಾ? ಗೊತ್ತಿಲ್ಲದಿದ್ದರೆ ಅವರು ಗಲ್ಫಿನ ಲೆಕ್ಕದಲ್ಲೇ ಐದು ಸಾವಿರ ಹೇಳುತ್ತಾರೆ, ಅದರಲ್ಲಿ ಅವರ ತಪ್ಪೇನು? ಊರಿಗೆ ಆಮೇಲೆ ಹೇಳಿ. ಮೊದಲು ಮನೆಯೊಳಗೆ ಹೇಳಿ.

ಬೊಂದೆಲ್‌ನವಳು · ಆಗಸ್ಟ್ 3

ಬೀಡಿ ಎಲೆ ಹೇಳಿದ್ದಕ್ಕೆ ನನ್ನ ವೋಟು. ಲೆಕ್ಕದ ಪುಸ್ತಕವನ್ನೇ ಎದುರಿಗೆ ಇಡಿ. ಬಾಯಲ್ಲಿ ಹೇಳಿದರೆ ಜಗಳ ಆಗುತ್ತದೆ, ಪುಸ್ತಕದ ಜೊತೆ ಜಗಳ ಮಾಡಲು ಆಗುವುದಿಲ್ಲ.

ಸುರತ್ಕಲ್ ಸೊಸೆ · ಆಗಸ್ಟ್ 9

ಹೇಳಿದೆ. ಪುಸ್ತಕ ತೋರಿಸಿದೆ, ಬಳೆಯ ವಿಷಯವೂ ಹೇಳಿದೆ. ಅತ್ತೆ ಕನ್ನಡಕ ಹಾಕಿ ಮೇ ತಿಂಗಳಿನಿಂದ ಒಂದೊಂದೇ ಸಾಲು ಬೆರಳಿಟ್ಟು ಓದಿದರು. ‘ನನ್ನ ಮಾತ್ರೆಗೆ ಇಷ್ಟಾ?’ ಅಂತ ಒಂದು ಸಲ ಕೇಳಿದರು, ಮತ್ತೆ ಏನೂ ಹೇಳಲಿಲ್ಲ. ಪುಸ್ತಕ ಮುಚ್ಚಿ ಒಳಗೆ ಹೋದರು. ರಾತ್ರಿ ಊಟಕ್ಕೂ ಮಾತಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ತಣ್ಣೀರಿನಲ್ಲಿ ಸ್ನಾನ ಮಾಡಿ ಬಂದಿದ್ದಾರೆ. ನಾನು ಬೇಡ ಬೇಡ ಅಂತ ಗೀಸರ್ ಹಾಕಿದೆ. ಈಗ ಅವರೇ ಹತ್ತು ನಿಮಿಷಕ್ಕೆ ಸ್ವಿಚ್ ತೆಗೆಯುತ್ತಾರೆ, ಧಾರಾವಾಹಿ ಬಿಟ್ಟು ಎದ್ದು ಹೋಗಿ.

ಮಲ್ಪೆ ಗಾಳಿ · ಆಗಸ್ಟ್ 10

ಅಷ್ಟು ದೊಡ್ಡ ತ್ಯಾಗ ನಮ್ಮ ಅಮ್ಮ ಮಾಡುವುದಿಲ್ಲ.

ಸುರತ್ಕಲ್ ಸೊಸೆ · ಆಗಸ್ಟ್ 31

ನಿಶ್ಚಿತಾರ್ಥ ಆಯಿತು. ಕವರಿಗೆ 501 ಹಾಕಿದೆವು. ಹೆಸರು ಬರೆಯುವಾಗ ಇವರ ಕೈ ನಡುಗಿತು, ಸುಳ್ಳಲ್ಲ. ಎರಡು ಸಲ ಪೆನ್ನು ಎತ್ತಿ ಇಟ್ಟರು.

ಊಟಕ್ಕೆ ಕೂತಾಗ ಎದುರು ಸಾಲಿನಲ್ಲಿ ಇವರ ದೊಡ್ಡಮ್ಮ. ಎಲ್ಲರಿಗೂ ಕೇಳುವ ಹಾಗೆ ‘ನಿಮ್ಮ ಮಗ ವಾಪಸ್ ಯಾವಾಗ ಹೊರಡುವುದು?’ ಅಂತ ಅತ್ತೆಯನ್ನು ಕೇಳಿದರು. ನಾನು ಎಲೆ ನೋಡಿಕೊಂಡು ಕೂತೆ. ಅತ್ತೆ ಅನ್ನಕ್ಕೆ ಸಾರು ಕಲಸುತ್ತಿದ್ದವರು ಕೈ ನಿಲ್ಲಿಸಲಿಲ್ಲ. ‘ಹೊರಡುವುದಿಲ್ಲ. ಬೈಕಂಪಾಡಿಯಲ್ಲಿ ಕೆಲಸ, ಸಂಬಳ ಕಡಿಮೆ, ಇಲ್ಲೇ ಇರುತ್ತಾನೆ’ ಅಂದರು. ಅಷ್ಟೇ. ಆಮೇಲೆ ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಶುಗರ್ ಇದ್ದವರು! ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಆಗಸ್ಟ್ ಲೆಕ್ಕ ನಾಳೆ ಹಾಕುತ್ತೇನೆ. ಬೂತಾಯಿ ಬಂತಂತೆ, ಮಲ್ಪೆಯವರೇ, ಈಗ ಎಷ್ಟು ನಡೆಯುತ್ತಿದೆ?

ಮಲ್ಪೆ ಗಾಳಿ · ಆಗಸ್ಟ್ 31

ಇನ್ನೂ ಒಂದು ವಾರ ತಡೆಯಿರಿ. ಇಳಿಯುತ್ತದೆ. ಬರುವಾಗ ಪೆಟ್ಟಿ ತನ್ನಿ.